ಕೀಪರ್ ಲೀಗ್: ಬಳಕೆದಾರರ ಕೈಪಿಡಿ

ಈ ಉಪಕರಣವನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ಚಾಲೂ ಮಾಡುವ ಮೊದಲು ಕೈಪಿಡಿಯನ್ನು ಪೂರ್ತಿ ಓದಿ. ಓದದೆ ಶುರುಮಾಡಿ ಮೂರನೇ ವರ್ಷಕ್ಕೆ ಮಾತು ಬಿಟ್ಟವರು ನ್ಯೂಜೆರ್ಸಿಯಿಂದ ಕ್ಯಾಲಿಫೋರ್ನಿಯಾದ ತನಕ ಎಲ್ಲ ಕಡೆ ಸಿಗುತ್ತಾರೆ. ಅಮೆರಿಕದಲ್ಲಿ ಕೆಲಸಕ್ಕೆ ಸೇರಿ, ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ "ನಮ್ಮ ಲೀಗಿನಲ್ಲಿ ಒಂದು ಟೀಮ್ ಖಾಲಿ ಇದೆ, ಬರ್ತೀಯಾ?" ಎಂದು ಸಹೋದ್ಯೋಗಿ ಕೇಳಿದಾಗ ಯೋಚಿಸದೆ ಹೂಂ ಎಂದುಬಿಟ್ಟ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಸಿದ್ಧಪಡಿಸಲಾಗಿದೆ.

ಉಪಕರಣದ ಪರಿಚಯ

ಮೊದಲು ಮೂಲ ಯಂತ್ರ. ಎನ್‌ಎಫ್‌ಎಲ್‌ನ 32 ತಂಡಗಳು ಸೆಪ್ಟೆಂಬರಿನಿಂದ ಅಮೆರಿಕನ್ ಫುಟ್‌ಬಾಲ್ ಆಡುತ್ತವೆ. ಒಂದೊಂದಕ್ಕೆ 18 ವಾರಗಳಲ್ಲಿ 17 ಪಂದ್ಯ. ಅದರ ಮೇಲೆ ನಡೆಯುವ ಫ್ಯಾಂಟಸಿ ಆಟದಲ್ಲಿ ನೀವೂ ನಿಮ್ಮಂಥ ಇನ್ನು ಹನ್ನೊಂದು ಮಂದಿಯೂ ಆಗಸ್ಟ್ ಕೊನೆಗೆ ಕೂತು ಆ ಆಟಗಾರರನ್ನು ಸರದಿಯ ಪ್ರಕಾರ ಹಂಚಿಕೊಳ್ಳುತ್ತೀರಿ. ಇದೇ ಡ್ರಾಫ್ಟ್. ಆಟಗಾರ ಓಡಿದ ಗಜ, ಹಿಡಿದ ಚೆಂಡು, ಗಳಿಸಿದ ಟಚ್‌ಡೌನ್ ಎಲ್ಲವೂ ನಿಮ್ಮ ಖಾತೆಗೆ ಅಂಕ. ಮಾಮೂಲಿ ಮಾದರಿಯಲ್ಲಿ ಸೀಸನ್ ಮುಗಿದರೆ ಎಲ್ಲರ ಕೈಯೂ ಖಾಲಿ, ಮುಂದಿನ ಆಗಸ್ಟಿಗೆ ಹೊಸ ಹಂಚಿಕೆ. ಕೀಪರ್ ಮಾದರಿಯಲ್ಲಿ ಒಬ್ಬರನ್ನೋ ಇಬ್ಬರನ್ನೋ ಮೂವರನ್ನೋ ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬಹುದು. ಇಡೀ ತಂಡವನ್ನೇ ವರ್ಷಾನುಗಟ್ಟಲೆ ಇಟ್ಟುಕೊಳ್ಳುವುದಕ್ಕೆ ಡೈನಸ್ಟಿ ಎನ್ನುತ್ತಾರೆ. ಅದು ಬೇರೆಯೇ ಕಾಯಿಲೆ, ಅದಕ್ಕೆ ಬೇರೆಯೇ ಕೈಪಿಡಿ.

ಐಪಿಎಲ್ ನೋಡುವವರಿಗೆ ಇದರ ಎಂಜಿನ್ ಹೊಸದೇನಲ್ಲ. 2025ರ ಹರಾಜಿಗೆ ಮುನ್ನ ಆರ್‌ಸಿಬಿ ವಿರಾಟ್ ಕೊಹ್ಲಿಯನ್ನು 21 ಕೋಟಿಗೆ ಉಳಿಸಿಕೊಂಡಿತು. 120 ಕೋಟಿಯ ಥೈಲಿಯಲ್ಲಿ ಅಷ್ಟು ಕಡಿಮೆಯಾಯಿತು. ಇಟ್ಟುಕೊಂಡದ್ದಕ್ಕೆ ಬೆಲೆ ತೆತ್ತರು ಎನ್ನುವುದನ್ನು ನೆನಪಿಡಿ, ಈ ಯಂತ್ರ ನಡೆಯುವುದೇ ಅದರ ಮೇಲೆ. 2008ರಿಂದ ಅದೇ ಕೊಹ್ಲಿಯನ್ನು ಇಟ್ಟುಕೊಂಡು ಹದಿನೆಂಟನೇ ಸೀಸನ್ನಿಗೆ ಕಪ್ ಎತ್ತಿದರಲ್ಲ, ಅಷ್ಟು ತಾಳ್ಮೆ ಫ್ಯಾಂಟಸಿ ಮಾಲೀಕರಿಗೆ ಇರುವುದಿಲ್ಲ. ಅವರಿಗಿರುವುದು ಮೋಹ ಮಾತ್ರ.

ತಯಾರಿಕೆಯ ವಿವರ

ಫ್ಯಾಂಟಸಿ ಫುಟ್‌ಬಾಲ್ ಎಂಬ ಯಂತ್ರವನ್ನು 1962ರಲ್ಲಿ ಓಕ್ಲೆಂಡ್ ರೈಡರ್ಸ್ ತಂಡದ ಪಾಲುದಾರ ಬಿಲ್ ವಿಂಕೆನ್‌ಬಾಕ್, ತಂಡದ ಜೊತೆ ನ್ಯೂಯಾರ್ಕಿಗೆ ಹೋಗಿದ್ದಾಗ ಹೋಟೆಲೊಂದರಲ್ಲಿ ಇನ್ನಿಬ್ಬರೊಡನೆ ಕೂತು ರೂಪಿಸಿದರು. 1963ರಲ್ಲಿ ಓಕ್ಲೆಂಡಿನ ಅವರ ಮನೆಯಲ್ಲೇ ಮೊದಲ ಡ್ರಾಫ್ಟ್. ಮೊದಲ ಆಯ್ಕೆ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಜಾರ್ಜ್ ಬ್ಲಾಂಡಾ. ಆ ವರ್ಷ 1,863 ಗಜ ಓಡಿದವರು ಮಾತ್ರ ಜಿಮ್ ಬ್ರೌನ್. ತಪ್ಪು ಮನುಷ್ಯನನ್ನು ಮೊದಲು ಆರಿಸುವ ಸಂಪ್ರದಾಯ ಹಾಗೆ ಅಡಿಪಾಯದಲ್ಲೇ ಸೇರಿಕೊಂಡಿತು.

ಉಳಿಸಿಕೊಳ್ಳುವ ಭಾಗ ಬಂದದ್ದು ಬೇಸ್‌ಬಾಲ್ ಕಡೆಯಿಂದ. ಪತ್ರಕರ್ತ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು 1980ರಲ್ಲಿ ಶುರುಮಾಡಿದ ರೋಟಿಸರಿ ಲೀಗಿನಲ್ಲಿ 260 ಡಾಲರಿಗೆ 23 ಆಟಗಾರರನ್ನು ಕೊಳ್ಳಬೇಕಿತ್ತು. ಒಬ್ಬನ ಒಪ್ಪಂದವನ್ನು ಮುಂದಕ್ಕೆ ಎಳೆಯಬೇಕಾದರೆ ಪ್ರತಿ ವರ್ಷಕ್ಕೆ ಅವನ ಸಂಬಳ ಐದೈದು ಡಾಲರ್ ಏರುತ್ತಿತ್ತು. ಆಸೆಗೆ ಬಡ್ಡಿ ಹಾಕಿದವರು ಅವರು. ಆ ಲೀಗನ್ನು ಓಕ್ರೆಂಟ್ ಒಮ್ಮೆಯೂ ಗೆಲ್ಲಲಿಲ್ಲ.

ಜೋಡಣೆ

ಇದು ಕೈಪಿಡಿಯ ಮುಖ್ಯ ಭಾಗ. ಉಳಿದದ್ದನ್ನು ಹಾರಿಸಿದರೂ ಇದನ್ನು ಹಾರಿಸಬೇಡಿ.

ಕೀಪರಿಗೆ ಬೆಲೆ ಕಟ್ಟಿ. ಬೆಲೆಯಿಲ್ಲದೆ ಸುಮ್ಮನೆ ಇಬ್ಬರನ್ನು ಇಟ್ಟುಕೊಳ್ಳಿ ಎನ್ನುವ ಲೀಗುಗಳಿವೆ. ಅಲ್ಲಿ ಮೊದಲ ವರ್ಷ ಚೀಟಿ ಎತ್ತಿದಾಗ ಒಂದನೇ ನಂಬರ್ ಬಂದವನಿಗೆ ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕುಗಳಲ್ಲಿ ದೇಶದ ಅತ್ಯುತ್ತಮನನ್ನು ಜಹಗೀರು ಬರೆದುಕೊಟ್ಟ ಹಾಗೆ. ಉಳಿದ ಹನ್ನೊಂದು ಮಂದಿ ಕಂದಾಯ ಕಟ್ಟುತ್ತಾ ಕೂರುತ್ತಾರೆ.

ಹರಾಜಿನ ಲೀಗಾದರೆ ಲೆಕ್ಕ ಸುಲಭ: ಎಲ್ಲರಿಗೂ 200 ಡಾಲರಿನ ಕಾಲ್ಪನಿಕ ಥೈಲಿ, ಹೋದ ವರ್ಷದ ಬೆಲೆಯ ಮೇಲೆ ಐದು ಡಾಲರ್ ಹೆಚ್ಚು. ಸರದಿ ಡ್ರಾಫ್ಟಾದರೆ ಸುತ್ತಿನಲ್ಲಿ ಬೆಲೆ. ಹೋದ ವರ್ಷ ಒಂಬತ್ತನೇ ಸುತ್ತಿನಲ್ಲಿ ಆರಿಸಿದವನನ್ನು ಈ ವರ್ಷ ಇಟ್ಟುಕೊಂಡರೆ ನಿಮ್ಮ ಎಂಟನೇ ಸುತ್ತಿನ ಸರದಿ ಹೋಗುತ್ತದೆ, ಮರುವರ್ಷ ಏಳನೆಯದು. ಒಂದು ಸುತ್ತು ಏರಿಸಿದರೆ ಏರಿಕೆಯೇ ಗೊತ್ತಾಗುವುದಿಲ್ಲ. ನಮ್ಮ ಶಿಫಾರಸು ಎರಡು ಸುತ್ತು, ಗರಿಷ್ಠ ಮೂರು ವರ್ಷ. ಮೊದಲ ಸುತ್ತಿನಲ್ಲಿ ಆರಿಸಿದವನನ್ನು ಇಟ್ಟುಕೊಳ್ಳುವಂತೆಯೇ ಇಲ್ಲ, ಏಕೆಂದರೆ ಅದಕ್ಕಿಂತ ಮೇಲೆ ಬೇರೆ ಸುತ್ತಿಲ್ಲ.

ಇನ್ನು ಜಗಳದ ಮೂಲಸ್ಥಾನ: ಡ್ರಾಫ್ಟಿನಲ್ಲಿ ಯಾರೂ ಕೈಹಾಕದವನಿಗೆ ಎಷ್ಟು ಬೆಲೆ? 2023ರಲ್ಲಿ ಲಾಸ್ ಏಂಜಲಿಸ್ ರ‍್ಯಾಮ್ಸ್ ತಂಡ, ನಿಜವಾದ ತಂಡಗಳು ಕಾಲೇಜು ಆಟಗಾರರನ್ನು ಹಂಚಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟಿನ ಐದನೇ ಸುತ್ತಿನಲ್ಲಿ, 177ನೇ ಆಯ್ಕೆಯಾಗಿ ಪೂಕಾ ನಕುವಾ ಎಂಬ ಹುಡುಗನನ್ನು ತೆಗೆದುಕೊಂಡಿತು. ಬಹುತೇಕ ಫ್ಯಾಂಟಸಿ ಲೀಗುಗಳಲ್ಲಿ ಅವನ ಹೆಸರನ್ನು ಯಾರೂ ಕೂಗಲಿಲ್ಲ. ಮೊದಲ ಭಾನುವಾರದ ಆಟ ನೋಡಿ ಎದ್ದುಬಿದ್ದು ಅವನನ್ನು ವೇವರ್ ಪಟ್ಟಿಯಿಂದ, ಅಂದರೆ ಯಾರ ತಂಡಕ್ಕೂ ಸೇರದವರ ಪಟ್ಟಿಯಿಂದ, ಎತ್ತಿಕೊಂಡವರು ಅದೃಷ್ಟವಂತರು: ಆ ಸೀಸನ್ನಿನಲ್ಲಿ ಅವನು 105 ಚೆಂಡು ಹಿಡಿದು 1,486 ಗಜ ಗಳಿಸಿ ಮೊದಲ ವರ್ಷದ ಆಟಗಾರರ ಎರಡೂ ದಾಖಲೆ ಮುರಿದ. ನಿಮ್ಮ ನಿಯಮಪುಸ್ತಕ "ಡ್ರಾಫ್ಟಾಗದವನ ಬೆಲೆ ಕೊನೆಯ ಸುತ್ತು" ಎಂದಿದ್ದರೆ, ಮೊದಲೆರಡು ಸುತ್ತಿನಲ್ಲಿ ಹೋಗಬೇಕಾದ, ಚೆಂಡು ಹಿಡಿಯುವ ಈ ರಿಸೀವರ್ 2024ಕ್ಕೆ ಎಲ್ಲರೂ ಕೊನೆಗೆ ಆರಿಸುವ ಕಿಕ್ಕರಿನ ಬೆಲೆಗೆ ಸಿಕ್ಕ. ಇದು ಜಾಣ್ಮೆಯೋ ಲಾಟರಿಯೋ ಎಂದು ಹನ್ನೆರಡು ಜನ ವಾದಿಸುತ್ತಾರೆ. ವಾದದಲ್ಲಿ ಯಾರ ಹತ್ತಿರ ನಕುವಾ ಇದ್ದಾನೋ ಅವರು ಜಾಣ್ಮೆ ಎನ್ನುತ್ತಾರೆ. ಬೆಲೆಯನ್ನು ಎಂಟನೇ ಸುತ್ತಿನ ಹತ್ತಿರ ನಿಲ್ಲಿಸಿ. ಎತ್ತಿಕೊಂಡವನಿಗೂ ಲಾಭ, ಮಿಕ್ಕವರಿಗೂ ರಾತ್ರಿ ನಿದ್ದೆ. ಅಂದಹಾಗೆ 2024ರ ಮೊದಲ ಪಂದ್ಯದಲ್ಲೇ ನಕುವಾ ಮಂಡಿಗೆ ಪೆಟ್ಟು ಮಾಡಿಕೊಂಡು ಹಲವು ವಾರ ಹೊರಗೆ ಕೂತ. ಅಗ್ಗದಲ್ಲಿ ಇಟ್ಟುಕೊಂಡವರು ಸುಧಾರಿಸಿಕೊಂಡರು. ಎರಡನೇ ಸುತ್ತು ಕೊಟ್ಟು ಕೊಂಡವರ ಗೋಳು ಕೇಳುವವರಿರಲಿಲ್ಲ.

ಆದ್ದರಿಂದ ಯಾರನ್ನು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ "ನನ್ನ ಅತ್ಯುತ್ತಮ ಆಟಗಾರನನ್ನು" ಎನ್ನುವುದು ತಪ್ಪು ಉತ್ತರ. ಅವನ ಈಗಿನ ಮೌಲ್ಯಕ್ಕೂ ನೀವು ತೆರುವ ಬೆಲೆಗೂ ನಡುವೆ ಎಷ್ಟು ಅಂತರವಿದೆ ನೋಡಿ. ಎರಡನೇ ಸುತ್ತಿನವನನ್ನು ಎರಡನೇ ಸುತ್ತಿಗೇ ಇಟ್ಟುಕೊಂಡರೆ ನಿಮಗೆ ದಕ್ಕಿದ್ದು ಸೊನ್ನೆ. ಹತ್ತನೇ ಸುತ್ತಿನ ಬೆಲೆಗೆ ನಾಲ್ಕನೇ ಸುತ್ತಿನ ಆಟಗಾರ ಸಿಕ್ಕರೆ ಅದು ಸಂಪಾದನೆ. ಈ ಲೆಕ್ಕ ಎಲ್ಲರಿಗೂ ಅರ್ಥವಾಗುತ್ತದೆ, ಆದರೂ ಹೋದ ವರ್ಷ ಸೆಮಿಫೈನಲ್ ಗೆಲ್ಲಿಸಿಕೊಟ್ಟ ಮುದಿ ಕ್ವಾರ್ಟರ್‌ಬ್ಯಾಕನ್ನೇ ಇಟ್ಟುಕೊಳ್ಳುತ್ತಾರೆ.

ಸುರಕ್ಷತಾ ಸೂಚನೆಗಳು

ಕೀಪರ್ ಹೆಸರು ಘೋಷಿಸುವ ಕಡೆಯ ದಿನವನ್ನು ಡ್ರಾಫ್ಟಿಗೆ ಆದಷ್ಟು ಹತ್ತಿರ ಇಡಿ. ಜುಲೈ ಮೊದಲಲ್ಲೇ ಹೆಸರು ಕೊಡಿ ಎನ್ನುವ ಕಮಿಷನರಿಗೆ, ಅಂದರೆ ಲೀಗ್ ನಡೆಸುವವನಿಗೆ, ರನ್ನಿಂಗ್ ಬ್ಯಾಕ್ ಬ್ಯಾರಿ ಸ್ಯಾಂಡರ್ಸ್ ಕಥೆ ಹೇಳಿ. ವಾಲ್ಟರ್ ಪೇಟನ್ ಅವರ ಒಟ್ಟು ಓಟದ ದಾಖಲೆಗೆ 1,457 ಗಜ ಮಾತ್ರ ಬಾಕಿ ಇದ್ದಾಗ, 1999ರ ಜುಲೈ ಕೊನೆಯಲ್ಲಿ, ತಮ್ಮ ಊರು ವಿಚಿಟಾದ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿ ನಿವೃತ್ತಿ ಹೇಳಿಬಿಟ್ಟರು. ಆಗಸ್ಟೂ ಭದ್ರವಲ್ಲ. 2019ರ ಆಗಸ್ಟ್ 24ರಂದು ಇಂಡಿಯಾನಾಪೊಲಿಸ್ ಕೋಲ್ಟ್ಸ್ ಕ್ವಾರ್ಟರ್‌ಬ್ಯಾಕ್ ಆ್ಯಂಡ್ರ್ಯೂ ಲಕ್, 29ನೇ ವಯಸ್ಸಿಗೆ, ಗಾಯಗಳು ಸಾಕಾಗಿ ಆಟ ಬಿಟ್ಟರು. ಅಭ್ಯಾಸ ಪಂದ್ಯ ನಡೆಯುತ್ತಿರುವಾಗಲೇ ಸುದ್ದಿ ಸೋರಿ, ತವರಿನ ಪ್ರೇಕ್ಷಕರೇ ಅವರನ್ನು ಕೂಗಿ ಹೀಯಾಳಿಸಿದರು. ಅಷ್ಟರಲ್ಲಿ ಎಷ್ಟೋ ಲೀಗುಗಳ ಡ್ರಾಫ್ಟ್ ಮುಗಿದಿತ್ತು. ನಿವೃತ್ತನಾದ ಕೀಪರಿಗೆ ಬದಲಿ ಕೊಡಬೇಕೇ ಬೇಡವೇ ಎಂಬುದನ್ನು ಹಾಗಾಗುವ ಮೊದಲೇ ಬರೆದಿಡಿ. ಆದ ಮೇಲೆ ಬರೆಯುವ ನಿಯಮಕ್ಕೆ ಎಲ್ಲರ ಕಣ್ಣಲ್ಲೂ ಒಬ್ಬ ಅಪರಾಧಿ ಇರುತ್ತಾನೆ.

ರನ್ನಿಂಗ್ ಬ್ಯಾಕುಗಳನ್ನು ದೀರ್ಘಕಾಲ ಶೇಖರಿಸಿಡಬೇಡಿ. ಟಾಡ್ ಗರ್ಲಿ 2018ರಲ್ಲಿ 21 ಟಚ್‌ಡೌನ್ ಹೊಡೆದ. ಮಂಡಿ ಕೈಕೊಟ್ಟಿತು, 2020ರ ಮಾರ್ಚಿನಲ್ಲಿ ತಂಡವೇ ಅವನನ್ನು ಕೈಬಿಟ್ಟಿತು, ಆ ವರ್ಷ ಇನ್ನೊಂದು ತಂಡದಲ್ಲಿ ಆಡಿದ್ದೇ ಕೊನೆ. ನಿಜವಾದ ತಂಡದ ಮ್ಯಾನೇಜರುಗಳೇ ಬಿಟ್ಟುಕೊಟ್ಟ ಮೇಲೂ ನಂಬಿಕೆ ಇಟ್ಟುಕೊಂಡವರು ಫ್ಯಾಂಟಸಿ ಮಾಲೀಕರು ಮಾತ್ರವೇ ಇರಬೇಕು.

ಭಾರತದಿಂದ ಸೇರುವ ತಮ್ಮ, ಷಡ್ಡಕ, ಹಳೆಯ ರೂಮ್‌ಮೇಟ್‌ಗಳಿಗೆ: ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತ 2025ರ ಆಗಸ್ಟಿನಲ್ಲಿ ಕಾನೂನು ಮಾಡಿ ನಿಷೇಧಿಸಿದೆ. ಮರ್ಯಾದೆಯನ್ನಷ್ಟೇ ಪಣಕ್ಕಿಡಿ. ಭಾನುವಾರದ ಮೊದಲ ಪಂದ್ಯಗಳು ಭಾರತದ ಗಡಿಯಾರದಲ್ಲಿ ರಾತ್ರಿ ಹತ್ತೂವರೆಗೆ, ನವೆಂಬರಿನಿಂದ ಹನ್ನೊಂದೂವರೆಗೆ. ಆ ದಿನದ ಕೊನೆಯದು ಸೋಮವಾರ ಬೆಳಿಗ್ಗೆ ಹಾಲು ಬರುವ ಹೊತ್ತಿಗೆ ಶುರುವಾಗುತ್ತದೆ. ಸೋಮವಾರದ ಮೀಟಿಂಗುಗಳನ್ನು ಮಧ್ಯಾಹ್ನಕ್ಕೆ ತಳ್ಳಿಸಿಕೊಳ್ಳಿ.

ಚಾಲನೆ

ಅಕ್ಟೋಬರ್ ಕೊನೆಯ ಹೊತ್ತಿಗೆ ಯಂತ್ರದಿಂದ ಒಂದು ಬಗೆಯ ಸದ್ದು ಬರಲು ಶುರುವಾಗುತ್ತದೆ. ಗಾಬರಿ ಬೇಡ, ಅದು ಮಾರಾಟದ ಸದ್ದು. ಸಾಮಾನ್ಯವಾಗಿ ಹೀಗಿರುತ್ತದೆ:

"ಗುರೂ, ನಿಂದು ಈ ವರ್ಷ ಮುಗೀತಲ್ಲ. ಆ ವಯಸ್ಸಾಗಿರೋ ರಿಸೀವರ್ ನಂಗೆ ಕೊಟ್ಬಿಡು."

"ಕೊಟ್ರೆ ನಂಗೇನು ಸಿಗತ್ತೆ?"

"ಈ ಹುಡುಗನ್ನ ತಗೋ. ಮುಂದಿನ ವರ್ಷ ಹನ್ನೆರಡನೇ ಸುತ್ತಿನ ಬೆಲೆಗೆ ಇಟ್ಕೋಬಹುದು."

"ಹುಡುಗನ ಕಾಲು ಪ್ಲಾಸ್ಟರಲ್ಲಿದೆಯಲ್ಲೋ!"

"ಮುಂದಿನ ವರ್ಷಕ್ಕೆ ತಾನೇ, ಮಾರಾಯ."

ಇಬ್ಬರಿಗೂ ಲಾಭ. ಉಳಿದ ಹತ್ತು ಜನರಿಗೆ ಹೊಟ್ಟೆಯುರಿ, ಅದರಲ್ಲೂ ಅಂಕಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿರುವವನಿಗೆ. ಸೋತವರೆಲ್ಲ ತಮ್ಮ ಇಂದಿನ ತಾರೆಗಳನ್ನು ಒಬ್ಬನಿಗೇ ಸುರಿದರೆ ಡಿಸೆಂಬರಿನಲ್ಲಿ ಅವನ ತಂಡ ಆಲ್-ಸ್ಟಾರ್ ಪಟ್ಟಿಯಂತಾಗುತ್ತದೆ. ಕೀಪರ್ ಲೀಗಿನ ದೊಡ್ಡ ದೋಷ ಇದೇ, ಇದಕ್ಕೆ ಪೂರ್ಣ ಮದ್ದಿಲ್ಲ. ವ್ಯಾಪಾರವನ್ನು ಹತ್ತನೇ ವಾರಕ್ಕೆ ಬಂದ್ ಮಾಡಿ. ಮುಂದಿನ ವರ್ಷದ ಸರದಿಯನ್ನು ಇಂದೇ ಮಾರುವವನಿಂದ ಮುಂದಿನ ವರ್ಷದ ಶುಲ್ಕವನ್ನೂ ಇಂದೇ ವಸೂಲಿ ಮಾಡಿ; ಇಲ್ಲವಾದರೆ ಮನೆ ಅಡವಿಟ್ಟು ಊರು ಬಿಟ್ಟವನ ಸಾಲ ಹೊಸಬನ ತಲೆಗೆ ಬರುತ್ತದೆ. ವ್ಯಾಪಾರವನ್ನು ರದ್ದು ಮಾಡುವ ಅಧಿಕಾರವನ್ನು ಒಳಸಂಚಿಗೆ ಮಾತ್ರ ಬಳಸಿ. ದಡ್ಡತನಕ್ಕೆ ಬಳಸಿದರೆ ಯಾವ ವ್ಯಾಪಾರವೂ ಉಳಿಯುವುದಿಲ್ಲ.

ಬಿಡಿಭಾಗಗಳು

ಗೆದ್ದವರಿಗೆ ಪಾರಿತೋಷಕ, ಕೊನೆಯವರಿಗೆ ಶಿಕ್ಷೆ. ವಿಂಕೆನ್‌ಬಾಕ್ ಅವರ ಲೀಗಿನಲ್ಲೇ ಕೊನೆ ಸ್ಥಾನಕ್ಕೂ ಒಂದು ಟ್ರೋಫಿ ಇತ್ತು, ದಡ್ಡರ ಟೊಪ್ಪಿ ಹಾಕಿದ ಮುಖ. 2009ರಿಂದ 2015ರ ತನಕ ಬಂದ "ದಿ ಲೀಗ್" ಧಾರಾವಾಹಿಯ ಗೆಳೆಯರ ಫ್ಯಾಂಟಸಿ ಲೀಗಿನಲ್ಲಿ ಗೆದ್ದವರ ಟ್ರೋಫಿಗೆ ಆ ಗೆಳೆಯರ ಹೈಸ್ಕೂಲಿನ ಸಹಪಾಠಿ ಶಿವಕಾಮಿನಿಯ ಹೆಸರು. ಎಲ್ಲರೂ ಅದನ್ನು ಶಿವಾ ಎನ್ನುತ್ತಾರೆ. ತರಗತಿಗೇ ಮೊದಲು ಬಂದ ನಮ್ಮ ಕಡೆಯ ಹುಡುಗಿ ಅಲ್ಲಿಗೂ ತಲುಪಿದ್ದಾಳೆ. ಶಿಕ್ಷೆಗಳಲ್ಲಿ ಜನಪ್ರಿಯವಾದದ್ದು ವಾಫಲ್ ಹೌಸ್ ಹೋಟೆಲಿನಲ್ಲಿ 24 ಗಂಟೆ ಕೂರುವುದು, ತಿಂದ ಒಂದೊಂದು ವಾಫಲಿಗೆ ಒಂದೊಂದು ಗಂಟೆ ಮಾಫಿ. ಸಸ್ಯಾಹಾರಿ ಸದಸ್ಯರು ಮೊಟ್ಟೆಯ ವಿಷಯ ಮೊದಲೇ ವಿಚಾರಿಸಿಕೊಳ್ಳಿ.

ದೋಷ ಮತ್ತು ಪರಿಹಾರ

ಲಕ್ಷಣ: ಕೆಳಗಿನ ಮೂರು ತಂಡಗಳು ಬೇಕೆಂದೇ ಸೋಲುತ್ತಿವೆ. ಕಾರಣ: ಕೊನೆಯವನಿಗೆ ಮುಂದಿನ ವರ್ಷ ಮೊದಲ ಸರದಿ ಎಂಬ ನಿಮ್ಮ ಔದಾರ್ಯ. ಪರಿಹಾರ: ಪ್ಲೇಆಫ್ ತಲುಪದ ತಂಡಗಳ ನಡುವೆ ಇನ್ನೊಂದು ಪಂದ್ಯಾವಳಿ ನಡೆಸಿ, ಅದನ್ನು ಗೆದ್ದವನಿಗೆ ಮೊದಲ ಸರದಿ ಕೊಡಿ.

ಲಕ್ಷಣ: ಒಂದೇ ತಂಡ ಸತತವಾಗಿ ಗೆಲ್ಲುತ್ತಿದೆ. ನಿಮ್ಮ ಬೆಲೆಪಟ್ಟಿ ಸಡಿಲವಾಗಿದೆ, ಬಿಗಿ ಮಾಡಿ. ಬಿಗಿ ಮಾಡಿದ ನಿಯಮ ಮುಂದಿನ ವರ್ಷದಿಂದ ಜಾರಿ ಎಂದು ಬರೆಯದಿದ್ದರೆ ವಾಟ್ಸ್ಆ್ಯಪ್ ಗುಂಪು ಎರಡಾಗುತ್ತದೆ.

ಲಕ್ಷಣ: ಹೊಸಬ ಬಂದಿದ್ದಾನೆ, ಪೆಚ್ಚಾಗಿ ಕೂತಿದ್ದಾನೆ. ಇದು ಓದುಗರಾದ ನೀವೇ. ಬಿಟ್ಟುಹೋದವನ ತಂಡ ನಿಮಗೆ ಬಂದಿದೆ: ಮಂಡಿ ಹೋದ ಇಬ್ಬರು ರನ್ನಿಂಗ್ ಬ್ಯಾಕುಗಳು, ಮಾರಿಹೋದ ಎರಡನೇ ಮತ್ತು ಮೂರನೇ ಸುತ್ತು, ಸಭ್ಯರೆದುರು ಉಚ್ಚರಿಸಲಾಗದ ಒಂದು ತಂಡದ ಹೆಸರು. ಹೆಸರು ಬದಲಿಸಿ. ಕೀಪರುಗಳನ್ನೆಲ್ಲ ಬಿಟ್ಟುಬಿಡಿ. ಮೊದಲ ವರ್ಷ ಹುಡುಗರನ್ನೇ ಆರಿಸಿ. ಅವರಲ್ಲಿ ಯಾರು ನಕುವಾ ಆಗುತ್ತಾರೋ ತಜ್ಞರಿಗೂ ತಿಳಿಯದು.

ಅನುಕೂಲಗಳು

ಇವೆ. ಮಾಮೂಲಿ ಲೀಗಿನಲ್ಲಿ ಜನವರಿಗೆ ಎಲ್ಲ ಮುಗಿಯುತ್ತದೆ, ಇಲ್ಲಿ ಏಪ್ರಿಲಿನ ಎನ್‌ಎಫ್‌ಎಲ್ ಡ್ರಾಫ್ಟೂ ನಿಮ್ಮ ವಿಷಯವೇ. ನಿಮ್ಮ ಅಗ್ಗದ ರನ್ನಿಂಗ್ ಬ್ಯಾಕ್ ಇರುವ ತಂಡ ಇನ್ನೊಬ್ಬನನ್ನು ತಂದುಕೊಂಡಿತೇ ಎಂದು ಎದೆ ಹೊಡೆದುಕೊಳ್ಳುತ್ತದೆ. ನವೆಂಬರಿನಲ್ಲಿ ಸೋತು ಕೂತವನಿಗೂ ಬೆಳಿಗ್ಗೆ ಎದ್ದು ಫೋನ್ ನೋಡಲು ಕಾರಣವಿರುತ್ತದೆ. ಮೂರು ವರ್ಷದ ಹಿಂದೆ ಹದಿಮೂರನೇ ಸುತ್ತಿನಲ್ಲಿ ನೀವು ಕಂಡುಹಿಡಿದವನು ಇಡೀ ದೇಶಕ್ಕೆ ಗೊತ್ತಾದಾಗ, ಊಟದ ಟೇಬಲ್ಲಿನಲ್ಲಿ "ಇವನು ನಮ್ಮ ಹುಡುಗ" ಎಂದು ಬಾಯಿಗೆ ಬಂದುಬಿಡುತ್ತದೆ. ಆ ಮಾತಿಗೆ ಬೆಲೆಪಟ್ಟಿಯಲ್ಲಿ ಕಾಲಮ್ ಇಲ್ಲ. ಆದರೆ ಜನ ಈ ಯಂತ್ರವನ್ನು ಕೊಳ್ಳುವುದು ಅದಕ್ಕೇ ಎಂದು ತಯಾರಕರಾದ ನಮಗೆ ಚೆನ್ನಾಗಿ ಗೊತ್ತು.

ವಾರಂಟಿ ಮತ್ತು ವಿಲೇವಾರಿ

ಮಂಡಿ, ಹಿಮ್ಮಡಿ, ಮದುವೆ, ವರ್ಗಾವಣೆ, ಎಚ್‌-1ಬಿ ತಕರಾರು ಇವು ಯಾವುದಕ್ಕೂ ವಾರಂಟಿ ಅನ್ವಯಿಸುವುದಿಲ್ಲ. ಕಮಿಷನರಿಗೆ ಸಂಬಳವಿಲ್ಲ, ಬೈಗುಳ ಉಚಿತ. ಲೀಗ್ ಮುಚ್ಚುವುದಾದರೆ ಒಂದು ಸೀಸನ್ ಮೊದಲೇ ನೋಟಿಸ್ ಕೊಡಿ. ಮುಂದಿನ ವರ್ಷವಿಲ್ಲ ಎಂದು ಗೊತ್ತಾದ ಗಳಿಗೆಯಿಂದ ಪ್ಲಾಸ್ಟರ್ ಕಾಲಿನ ಹುಡುಗರನ್ನು ಯಾರೂ ಕೊಳ್ಳುವುದಿಲ್ಲ, ಮುದಿ ರಿಸೀವರುಗಳ ಬೆಲೆ ಏರುತ್ತದೆ. ನೋಟಿಸ್ ಓದದ ಒಬ್ಬ ಸದಸ್ಯ ಪ್ರತಿ ಲೀಗಿನಲ್ಲೂ ಇರುತ್ತಾನೆ. ಅವನು ಫೆಬ್ರವರಿಯಲ್ಲಿ ಫೋನ್ ಮಾಡಿ ತನ್ನ ಕೀಪರುಗಳ ಹೆಸರು ಬರೆಸುತ್ತಾನೆ. ಬರೆದುಕೊಳ್ಳಿ.