571301: ಕಪಿಲಾ ತೀರದ ಒಂದು ಸಂಖ್ಯೆಯ ಅಪವರ್ತನ ಮೀಮಾಂಸೆ

ನಂಜನಗೂಡಿನ ಪಿನ್‌ಕೋಡ್ 571301. ಮೊದಲ ಅಂಕಿ ವಲಯ, ಎರಡನೆಯದು ಉಪವಲಯ, ಮೂರನೆಯದು ವಿಂಗಡಣಾ ಜಿಲ್ಲೆ, ಕೊನೆಯ ಮೂರು ಬಟವಾಡೆ ಕಚೇರಿ ಎಂದು ಅಂಚೆ ಇಲಾಖೆ ಹೇಳುತ್ತದೆ. ಇದು ಸ್ಥೂಲದೃಷ್ಟಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಪದ್ಧತಿಯ ಜನಕ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಕವಿ. ಕವಿ ಕೊಟ್ಟ ಸಂಖ್ಯೆಗೆ ವಾಚ್ಯಾರ್ಥವಷ್ಟೇ ಇದೆ ಎನ್ನುವವರು ಆನಂದವರ್ಧನನನ್ನು ಓದಿಲ್ಲ.

ಧ್ವನಿ ಹೊರಡಬೇಕಾದರೆ ಭಾಗಿಸಬೇಕು. 2, 3, 5, 7 ಯಾವುದಕ್ಕೂ ಸಂಖ್ಯೆ ಬಗ್ಗದು. 29ರಿಂದ ಭಾಗಿಸಿದರೆ ಶೇಷ 1, 197ರಿಂದ ಭಾಗಿಸಿದರೂ ಶೇಷ 1. ಹೀಗೆ ಕೂದಲೆಳೆಯಲ್ಲಿ ನುಣುಚಿಕೊಂಡದ್ದು ಕೊನೆಗೆ 647ರ ಕೈಗೆ ಸಿಕ್ಕಿಬೀಳುತ್ತದೆ: 647 × 883 = 571301. ಎರಡೂ ಅವಿಭಾಜ್ಯ ಸಂಖ್ಯೆಗಳು. ಇಷ್ಟು ರಸಬಾಳೆಯನ್ನು ಸಮನಾಗಿ ಚಿಪ್ಪು ಮಾಡಹೊರಟರೆ 883 ಹಣ್ಣಿನ 647 ಚಿಪ್ಪು, ಇಲ್ಲವೇ 647 ಹಣ್ಣಿನ 883 ಚಿಪ್ಪು. ಬಿಡಿಹಣ್ಣು ಮಾರುವವನನ್ನು ಬಿಟ್ಟರೆ ಬೇರೆ ದಾರಿಯಿಲ್ಲ. (ಸೊರಗು ರೋಗಕ್ಕೆ ತೋಟಗಳೇ ಕರಗಿರುವಾಗ ಅಷ್ಟು ರಸಬಾಳೆ ಎಲ್ಲಿಂದ ತರುವುದೆಂಬುದು ತೋಟಗಾರಿಕೆಯವರ ಪ್ರಶ್ನೆ.)

ಈಗ ನದಿಗಳನ್ನು ಎಣಿಸೋಣ. ನಂಜನಗೂಡಿನ ಪರಶುರಾಮ ಕ್ಷೇತ್ರದ ಬಳಿ ಸೇರುವುದು ಕಪಿಲೆ ಮತ್ತು ಕೌಂಡಿನ್ಯೆ ಎನಿಸಿದ ಗುಂಡ್ಲು ಹೊಳೆ. ಎರಡು ನದಿ, ಎರಡು ಅವಿಭಾಜ್ಯ.

ಕಾಕತಾಳೀಯ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದಕ್ಕೆಂದೇ ಕಪಿಲೆಯ ಜೊತೆಯಲ್ಲೇ ತಿರುಮಕೂಡಲಿಗೆ ಇಳಿದೆವು. ಟಿ. ನರಸೀಪುರದ ಪಿನ್‌ಕೋಡ್ 571124; ಒಡೆದರೆ 2 × 2 × 71 × 2011. ಎರಡು ಎರಡು ಸಲ ಬಂದಿದೆ ನಿಜ, ಆದರೆ ಒಂದೇ ನದಿಯಲ್ಲಿ ಎರಡು ಸಲ ಮುಳುಗಿದರೆ ನದಿ ಎರಡಾಗುವುದಿಲ್ಲ. ಉಳಿದದ್ದು 2, 71, 2011: ಮೂರು. ತ್ರಿವೇಣಿ! ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ. ಗುಪ್ತಗಾಮಿನಿ ಯಾವ ಅಪವರ್ತನ ಎಂಬಲ್ಲಿ ಮಾತ್ರ ಮತಭೇದವಿದೆ. 2 ಆಗಿರಲಾರದು, ಅದು ಶಾಲೆಯ ಮಕ್ಕಳಿಗೂ ಕಾಣುತ್ತದೆ. 2011 ಎಂದರೆ ಇನ್ನೊಂದು ತೊಡಕು: ಅಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳದ ಪದ್ಧತಿ, ಆ ಎಣಿಕೆಗೆ 2010 ಸಿಕ್ಕುತ್ತದೆ, 2011 ಸಿಕ್ಕುವುದಿಲ್ಲ. ಕುಂಭಮೇಳವೇ ಒಂದು ವರ್ಷ ಮುಂಚೆ ಬಂದಿರಬೇಕು.

ಇನ್ನೂ ಗಹನವಾದದ್ದು ಇದೆ. ಎರಡು ಊರುಗಳ ಸಂಖ್ಯೆಗಳ ಅಂತರ 177, ಅಂದರೆ 3 × 59. ನಂಜನಗೂಡಿನ ಎರಡು ಅಪವರ್ತನಗಳ ಅಂತರ 236, ಅಂದರೆ 4 × 59. ಬರೆಯುತ್ತಿದ್ದ ಕೈ ಇಲ್ಲಿ ನಡುಗಿತು. 59 ಏನನ್ನು ಸೂಚಿಸುತ್ತದೆಂದು ಹುಡುಕಿದಾಗ ಅದು ಬೆಳಗಾವಿ ಕಡೆಯ ಪಿನ್‌ಕೋಡುಗಳ ಆರಂಭ ಎಂದು ತಿಳಿದುಬಂತು. ಆದ್ದರಿಂದ ಈ ಗಹನತೆಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ.

ಸಿದ್ಧಾಂತವನ್ನು ಕಾವೇರಿಯ ಮೇಲ್ಭಾಗದಲ್ಲಿಯೂ ಪರೀಕ್ಷಿಸಿ ಎಂದು ಮಿತ್ರರೊಬ್ಬರು ಒತ್ತಾಯಿಸಿದರು. ಶ್ರೀರಂಗಪಟ್ಟಣ, 571438. ಅದು ಒಡೆದದ್ದು 2, 17 ಮತ್ತು 7ರ ಐದನೇ ಘಾತವಾಗಿ. ನಮ್ಮ ನಿಯಮದಂತೆ ಮೂರು ನದಿ ಬೇಕು. ಏಳನ್ನು ಬಂದಷ್ಟು ಸಲವೂ ಎಣಿಸಿದರೆ ಏಳು ನದಿ. ದ್ವೀಪವನ್ನು ಬಳಸಿ ಹರಿಯುವುದು ಒಬ್ಬಳೇ ಕಾವೇರಿ, ಹೆಚ್ಚೆಂದರೆ ಎರಡು ಕವಲಾಗಿ. ಶ್ರೀರಂಗಪಟ್ಟಣ ಮಂಡ್ಯ ಜಿಲ್ಲೆಗೆ ಸೇರಿದೆ. ಈ ಪ್ರಬಂಧದ ವ್ಯಾಪ್ತಿ ಮೈಸೂರು ಜಿಲ್ಲೆ.