ಕೊನೆಯ ಮದ್ದು

ಹಲ್ಲುನೋವು ಎಂದರೆ ‘ಅಯ್ಯೋ ಪಾಪ’ ಎಂದು ದಾಟಿಹೋಗುವ ಜನ, ‘ಹೊಟ್ಟೆ ಯಾಕೋ ನುಲೀತಿದೆ’ ಎಂದರೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ‘ರಾತ್ರಿ ಏನು ತಿಂದೆ?’ ಎಂದು ವಿಚಾರಣೆ ಶುರು. ಅವರೆಕಾಳು ಉಪ್ಪಿಟ್ಟು ಎಂದರೆ ವಾಯು. ಮದುವೆಮನೆ ಊಟ ಎಂದರೆ ಅಜೀರ್ಣ. ಏನೂ ತಿಂದಿಲ್ಲ ಎಂದರೆ ‘ಅದಕ್ಕೇ ಮತ್ತೆ, ಪಿತ್ತ!’ ದೊಡ್ಡಮ್ಮನ ಪ್ರಕಾರ ಬಟ್ಟಿ ಜಾರಿದೆ. ಅಜ್ಜಿಗೆ ಅನುಮಾನವಿರುವುದು ಎದುರುಮನೆಯವರ ಕಣ್ಣಿನ ಮೇಲೆ. ಆಗಲೇ ಉಪ್ಪು, ಮೆಣಸಿನಕಾಯಿ ಕೈಯಲ್ಲಿ ಹಿಡಿದಿದ್ದಾರೆ.

ಇಷ್ಟೆಲ್ಲ ಪಾಂಡಿತ್ಯಕ್ಕೆ ಎಡೆಮಾಡಿಕೊಟ್ಟದ್ದು ಕರುಳೇ. ಸೊಳ್ಳೆ ಕಚ್ಚಿದ ಜಾಗಕ್ಕೆ ಕತ್ತಲಲ್ಲೂ ಕೈ ಸರಿಯಾಗಿ ಹೋಗುತ್ತದೆ. ಸಣ್ಣ ಕರುಳೊಂದೇ ಸುಮಾರು 6 ಮೀಟರ್ ಉದ್ದವಿದ್ದರೂ ಅದರಲ್ಲಿ ಎಲ್ಲಿ ಹಿಂಡಿದರೂ ನೋವು ಕಾಣಿಸುವುದು ಹೊಕ್ಕುಳ ಸುತ್ತಲೇ. ಯಾವ ಹಳ್ಳಿಯಲ್ಲಿ ಜಗಳವಾದರೂ ದೂರು ದಾಖಲಾಗುವುದು ಹೋಬಳಿ ಠಾಣೆಯಲ್ಲಿ ಎಂಬಂತೆ. ಕತ್ತರಿಸಿದರೆ ಅಷ್ಟಾಗಿ ನೋಯದ ಕರುಳು, ಗಾಳಿ ತುಂಬಿ ಉಬ್ಬಿದರೆ, ಸ್ನಾಯು ಬಿಗಿದುಕೊಂಡರೆ ಮಾತ್ರ ಮನುಷ್ಯನನ್ನು ಎರಡಾಗಿ ಮಡಿಸಿಬಿಡುತ್ತದೆ.

ಮದ್ದಿಗೂ ಬರವಿಲ್ಲ. ಓಮಿನಕಾಳಿನ ಕಷಾಯ, ಇಂಗು ಹಾಕಿದ ಮಜ್ಜಿಗೆ, ಹೊಟ್ಟೆ ಮೇಲೆ ಬಿಸಿನೀರಿನ ಚೀಲ, ಮೆಡಿಕಲ್ ಶಾಪಿನಲ್ಲಿ ಸ್ನಾಯು ಸಡಿಲಿಸುವ ಮಾತ್ರೆ. ಕೂಸುಗಳಿಗೆ ಬಜೆ ತೇಯ್ದು ನೆಕ್ಕಿಸುತ್ತಿದ್ದ ನಮ್ಮ ಮನೆಗಳಿಗೆ ಆಮೇಲೆ ಗ್ರೈಪ್ ವಾಟರ್ ಬಂತು. ಅದನ್ನು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಿಸಿದವರು ವಿಲಿಯಂ ವುಡ್‌ವರ್ಡ್. ಹಳೆಯ ಪಾಕದಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜತೆ ತುಸು ಮದ್ಯಸಾರವೂ ಇತ್ತು. ಅಳು ನಿಲ್ಲಿಸಿದ ಕೂಸಿಗೆ ಹೊಟ್ಟೆನೋವು ಹೋಗಿತ್ತೋ, ಅಮಲೇರಿತ್ತೋ, ಕೇಳಿದವರಾರು?

ಒಂದು ನೋವಿನ ಮುಂದೆ ಮಾತ್ರ ಈ ಪಂಡಿತರೆಲ್ಲ ಬಾಯಿ ಮುಚ್ಚಬೇಕು. ಹೊಕ್ಕುಳ ಸುತ್ತ ಶುರುವಾಗಿ ಕೆಲವೇ ಗಂಟೆಗಳಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿದು, ಜ್ವರ, ವಾಂತಿಯನ್ನೂ ಕರೆತಂದರೆ ಅದು ಅಪೆಂಡಿಕ್ಸ್ ಇರಬಹುದು. ಹೊಟ್ಟೆ ಹಲಗೆಯಂತೆ ಗಟ್ಟಿಯಾದರೂ, ಮಲದಲ್ಲಿ ರಕ್ತ ಕಂಡರೂ ಅಷ್ಟೇ. ಕಷಾಯದ ಪಾತ್ರೆ ಕೆಳಗಿಟ್ಟು ಆಟೋ ಕರೆಯಬೇಕು.

ಉಳಿದ ಬಹುಪಾಲು ನುಲಿತಗಳು ಯಾರ ಹಂಗೂ ಇಲ್ಲದೆ ತಾವಾಗಿಯೇ ಹೋಗುತ್ತವೆ. ಕೀರ್ತಿ ಸಲ್ಲುವುದು ಆ ಹೊತ್ತಿಗೆ ಎದುರಿಗಿದ್ದವರಿಗೆ. ನಮ್ಮ ಮನೆಯಲ್ಲಿ ಅಜ್ಜಿಯ ದೃಷ್ಟಿ, ದೊಡ್ಡಮ್ಮನ ಕಷಾಯ, ಅಪ್ಪನ ಮಾತ್ರೆ ಎಲ್ಲ ಮುಗಿದ ಮೇಲೆ ಭಾವ ಒಂದು ಗೋಲಿಸೋಡಾ ಹಿಡಿದು ಬಂದರು. ಎರಡು ಗುಟುಕಿಗೇ ದೊಡ್ಡದೊಂದು ತೇಗು. ಅಂದಿನಿಂದ ಅವರೇ ಮನೆಯ ಆಸ್ಥಾನ ವೈದ್ಯರು. ಈಗ ಯಾರಿಗೆ ಹೊಟ್ಟೆನೋವು ಬಂದರೂ ನಾನು ಮದ್ದು ಹೇಳಲು ಆತುರಪಡುವುದಿಲ್ಲ. ಉಳಿದವರದೆಲ್ಲ ಮುಗಿಯಲಿ ಎಂದು ಕಾಯುತ್ತೇನೆ.