ಹಾರ ಹಾಕಿ ಕಳಿಸೋಣ ಬನ್ನಿ

ಗುಂಜಹಳ್ಳಿ ಕಡೆ ಹೆಣ್ಣು ಕೊಡುವ ಮಾತಿಗೆ ಕೂತರೆ ಈಗ ಹೊಲ ಎಷ್ಟು ಎಕರೆ ಅಂತ ಯಾರೂ ಕೇಳುವುದಿಲ್ಲ. ಹುಡುಗ ಎಲ್ಲಿದ್ದಾನೆ ಅಂತ ಕೇಳುತ್ತಾರೆ. ರಾಯಚೂರು ಅಂದರೆ ಚಹಾ ಕೊಟ್ಟು ಕಳಿಸುತ್ತಾರೆ. ಬೆಂಗಳೂರು ಅಂದರೆ ಒಗ್ಗರಣೆ, ಮಿರ್ಚಿ. ಡಲ್ಲಾಸ್ ಅಂದರೆ ಜಾತಕವೂ ಬೇಡ.

ಅಳಿಯನ ಕೆಲಸ ಏನು ಅಂತ ಮಾವನನ್ನು ಕೇಳಿ ನೋಡಿ. "ಕಂಪ್ಯೂಟರ್‌ನಾಗ ಅದಾನ್ರಿ" ಅನ್ನುತ್ತಾನೆ. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿಲ್ಲ. ವೀಸಾದ ಹೆಸರು ಮಾತ್ರ ನಿದ್ದೆಗಣ್ಣಲ್ಲೂ ತಪ್ಪದೆ ಹೇಳುತ್ತಾನೆ. ಎಚ್-1ಬಿ.

2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹಾಕಿದ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಆರು ದಶಕದಲ್ಲಿ ಮಾಡಲಾಗದ್ದನ್ನು ಆ ಒಂದು ಸಹಿ ಮಾಡಿತು. ವರಗಳ ರೇಟು ತಡವರಿಸಿತು.

ತಡವರಿಸಿತು ಅಷ್ಟೇ. ಬೀಳಲಿಲ್ಲ. ಚಿಲಕೂರು ಬಾಲಾಜಿ ಇದ್ದಾನಲ್ಲ! ವೀಸಾ ಬೇಡಿ ಹನ್ನೊಂದು ಸುತ್ತು, ಸಿಕ್ಕ ಮೇಲೆ ನೂರೆಂಟು. ರಾಯಚೂರಿನ ತಾಪದಲ್ಲಿ ಹೊಲದ ಬದುವಿಗೊಂದು ಸುತ್ತು ಹಾಕಲಾರದ ಹುಡುಗರು ಅಲ್ಲಿ ಬರಿಗಾಲಲ್ಲಿ ಸುತ್ತುತ್ತಾರೆ.

ಆಮೇಲೆ ಫ್ಲೆಕ್ಸು. 'ಅಮೆರಿಕಕ್ಕೆ ತೆರಳುತ್ತಿರುವ ನವದಂಪತಿಗಳಿಗೆ ಹಾರ್ದಿಕ ಶುಭಾಶಯಗಳು.' ಮೇಲೆ ದಂಪತಿ, ಕೆಳಗೆ ಸಾಲಾಗಿ ಮುಖಗಳು. ಹೊರಟವರಿಗಿಂತ ಕಳಿಸುವವರ ಮುಖವೇ ದೊಡ್ಡದು. ಬೀಳ್ಕೊಡಲು ಕಾರುಗಳ ಸಾಲು ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಓಡುತ್ತದೆ. ನಮ್ಮ ಯರಮರಸಿನ ವಿಮಾನ ಭಾಷಣದಲ್ಲಿ ಮಾತ್ರ ಹಾರುತ್ತದೆ, ಅದಕ್ಕೆ.

ಈ ದಂಪತಿಯ ಕಡತದಲ್ಲಿ ಇನ್ನೊಂದು ಕಾಗದ ಇದೆ. ಅದನ್ನು ಫ್ಲೆಕ್ಸಿನಲ್ಲಿ ಹಾಕುವುದಿಲ್ಲ. 371(ಜೆ) ಪ್ರಮಾಣಪತ್ರ.

ಹಿಂದುಳಿದವರು ನಾವು, ನಮ್ಮ ಮಕ್ಕಳಿಗೆ ನ್ಯಾಯ ಕೊಡಿ ಅಂತ ವರ್ಷಗಟ್ಟಲೆ ಬೀದಿಗಿಳಿದು ತಂದದ್ದು ಅದು. ಸಂವಿಧಾನಕ್ಕೇ ತಿದ್ದುಪಡಿಯಾಯಿತು. ಈ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು, ಉಳಿದ ಕರ್ನಾಟಕದಲ್ಲಿ ಶೇ 8. ನಾವು ಇದೇ ಮಣ್ಣಿನವರು, ಇಲ್ಲೇ ಬಾಳಿ ಬದುಕಿದವರು ಅಂತ ದಾಖಲೆ ಜೋಡಿಸಿ, ಸಹಾಯಕ ಆಯುಕ್ತರ ಕಚೇರಿಗೆ ಎಡತಾಕಿ, ಮುದ್ರೆ ಒತ್ತಿಸಿಕೊಂಡು ಸೀಟು ಪಡೆದರು. ಪದವಿ ಕೈಗೆ ಬಂದ ಮೇಲೆ ಆ ಮಣ್ಣು ಕಾಲಿಗೆ ಅಂಟಿದ್ದೇ ಅವಮಾನವಾಯಿತು.

ಹೋಗಬೇಡಿ ಅನ್ನುವುದಿಲ್ಲ. ಹೋಗಿ. ಇಲ್ಲಿದ್ದು ಮಾಡುವುದಾದರೂ ಏನು? ಆದರೆ ಮಗನನ್ನು ಕಳಿಸಿ ಬಂದ ಅಪ್ಪ ಮರುದಿನವೇ ರಾಯಚೂರಿಗೆ ಏಮ್ಸ್ ಬೇಕು ಅಂತ ಧರಣಿ ಟೆಂಟಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾನೆ. ಆ ಧರಣಿ ಶುರುವಾಗಿದ್ದು 2022ರ ಮೇ ತಿಂಗಳಲ್ಲಿ. ಸಾವಿರ ದಿನ ದಾಟಿತು. ನಿಜವಾಗಿ ಕೂತವರು ಬೇರೆ, ಫೋಟೊದವರು ಬೇರೆ. ನಾಳೆ ಏಮ್ಸ್ ಬಂದೇಬಿಟ್ಟಿತು ಅಂತಿಟ್ಟುಕೊಳ್ಳಿ. ಡಾಕ್ಟರನ್ನು ಎಲ್ಲಿಂದ ತರುತ್ತೀರಿ ಯಜಮಾನರೇ? ನಿಮ್ಮ ಮಗ ಬರುತ್ತಾನೇನು?

ಮದುಮಗಳ ಕತೆ ಇನ್ನೂ ಚೆಂದ. ಅವಳೂ ಅದೇ ಕೋಟಾದಲ್ಲಿ ಬಿ.ಇ. ಮುಗಿಸಿದವಳು. ಅಮೆರಿಕದಲ್ಲಿ ಅವಳ ವೀಸಾ ಎಚ್-4. ಅಂದರೆ ಹೆಂಡತಿ, ಬೇರೇನಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟುವ ತನಕ ಅವಳು ಒಂದು ಡಾಲರೂ ದುಡಿಯುವಂತಿಲ್ಲ. ದಾಟಿದವರಿಗೆ ಕೆಲಸದ ಪರವಾನಗಿ ಕೊಡಲು ಶುರು ಮಾಡಿದ್ದೇ 2015ರಲ್ಲಿ. ಇನ್ನು ಗ್ರೀನ್ ಕಾರ್ಡು? ಯಾವ ದೇಶದವರಿಗೂ ವರ್ಷಕ್ಕೆ ಶೇ 7ಕ್ಕಿಂತ ಹೆಚ್ಚಿಲ್ಲ. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. ನಮ್ಮವರ ಸರದಿ ದಶಕಗಳದ್ದು. ಎಂಜಿನಿಯರ್ ಹುಡುಗಿ ಅಡುಗೆಮನೆಯಲ್ಲಿ ಕೂತು ಯೂಟ್ಯೂಬ್ ನೋಡಿ ರೊಟ್ಟಿ ಬಡಿಯುತ್ತಾಳೆ. ಊರಲ್ಲಿ ಅವಳಪ್ಪ "ಮಗಳು ಅಮೆರಿಕದಾಗ ಸೆಟಲ್ ಆಗ್ಯಾಳ್ರಿ" ಅಂತ ಮೀಸೆ ತಿರುವುತ್ತಾನೆ.

ಈಗ ಇನ್ನೊಂದು ಜೋಡಿ.

ದೇವದುರ್ಗದ ಬಸ್ ನಿಲ್ದಾಣ. ರಾತ್ರಿ ಬೆಂಗಳೂರು ಬಸ್ಸು. ಮದುವೆಯಾಗಿ ವರ್ಷ ಕಳೆದಿಲ್ಲ, ಹುಡುಗಿಯ ಕೈಯ ಹಸಿರು ಬಳೆ ಇನ್ನೂ ಒಡೆದಿಲ್ಲ. ರೇಷನ್ ಅಕ್ಕಿಯ ಚೀಲದಲ್ಲಿ ಜೋಳದ ಹಿಟ್ಟು, ತವೆ, ಕೌದಿ. ಪ್ಲಾಸ್ಟಿಕ್ ಕೊಡದೊಳಗೆ ತುರುಕಿದ ಬಟ್ಟೆ. "ಎಲ್ಲಿಗೇ ಯವ್ವಾ?" ಅಂತ ಪಕ್ಕದ ಮುದುಕಿ ಕೇಳುತ್ತಾಳೆ. "ಬೆಂಗ್ಳೂರಿಗೆ ಯತ್ತಿ, ದುಡಿಯಾಕ." ಮೇಸ್ತ್ರಿ ಕೊಟ್ಟ ಮುಂಗಡ ಮದುವೆಯ ಸಾಲಕ್ಕೇ ಹೋಗಿದೆ. ಮುಂದೆ ತಗಡಿನ ಶೆಡ್ಡು, ಸಿಮೆಂಟು, ಪುಟ್ಟಿ.

ಇವರಿಗೆ ಫ್ಲೆಕ್ಸ್ ಇಲ್ಲ. ಇವರಿಗೆ ಸಭೆ ಇದೆ. 'ಗುಳೆ ತಡೆಗೆ ಕ್ರಮ' ಎಂಬ ಸಭೆ. ಅಧಿಕಾರಿ ಗಂಟಲು ಸರಿ ಮಾಡಿಕೊಂಡು, ಜನರಲ್ಲಿ ಜಾಗೃತಿ ಮೂಡಿಸಬೇಕು ಅನ್ನುತ್ತಾನೆ. ಅವನ ಮಗ ಕೆನಡಾದಲ್ಲಿ. ಅವನಿಗೆ ಯಾರೂ ಜಾಗೃತಿ ಮೂಡಿಸಲಿಲ್ಲ.

ಗಮನಿಸಿ. ಡಲ್ಲಾಸಿನ ಜೋಡಿಯಲ್ಲಿ ಒಬ್ಬರ ದುಡಿಮೆ. ದೇವದುರ್ಗದ ಜೋಡಿಯಲ್ಲಿ ಇಬ್ಬರದೂ. ಆದರೂ ಇವರೇ ಸಮಸ್ಯೆ, ಅವರು ಸಾಧಕರು.

ಉದ್ಯೋಗ ಖಾತ್ರಿ ಬಂದಾಗ, 2006ರ ಫೆಬ್ರವರಿಯಲ್ಲಿ, ದೇಶದ ಮೊದಲ 200 ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಆಗಿನ ಖಾತ್ರಿ ವರ್ಷಕ್ಕೆ ನೂರು ದಿನ ಕೆಲಸದ್ದು. 2025-26ರಲ್ಲಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನೂರು ದಿನ ಸಿಕ್ಕರೂ ಉಳಿದ 265 ದಿನ ಏನು ತಿನ್ನಬೇಕು ಅಂತ ಆ ಸಭೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಚಹಾ ಬಂದಿರುತ್ತಿತ್ತು.

ಎರಡು ನದಿಗಳ ನಡುವೆ ಹುಟ್ಟಿದ್ದೇವೆ ಅಂತ ಎದೆ ತಟ್ಟಿಕೊಳ್ಳುತ್ತೇವೆ. ಮಾನ್ವಿ, ರಾಯಚೂರು ತಾಲ್ಲೂಕುಗಳು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ. ಮೇಲಿನವರು ಭತ್ತಕ್ಕೆ ಕುಡಿಸಿ ಉಳಿದರೆ ನಮಗೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ಆ ವರ್ಷ ನಮಗಿಂತ ಮೊದಲು ನೀರೇ ಗುಳೆ ಹೊರಟಿತು.

ಶಕ್ತಿನಗರದ ಕರೆಂಟು 1985ರಿಂದ ರಾಜ್ಯಕ್ಕೆ, ಬೂದಿ ನಮಗೆ. ಹಟ್ಟಿಯ ಬಂಗಾರ ಎಲ್ಲರಿಗೆ, ಮಣ್ಣಿನ ಗುಡ್ಡೆ ನಮಗೆ. 2018ರಲ್ಲಿ ದಿಲ್ಲಿಯವರು ಕನಿಕರಿಸಿ 'ಮಹತ್ವಾಕಾಂಕ್ಷೆಯ ಜಿಲ್ಲೆ' ಅಂದರು. 2019ರಲ್ಲಿ ಬೆಂಗಳೂರಿನವರು ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕ ಮಾಡಿದರು. ಬಸ್ಸಿನ ಮೇಲಿನ ಹೆಸರೂ ಬದಲಾಯಿತು. ಬಸ್ಸಿನೊಳಗೆ ಕೂತವರು ಬದಲಾಗಲಿಲ್ಲ.

ಇಷ್ಟರ ನಡುವೆ ನಮ್ಮ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರಲು ಬಿಹಾರದ ಹುಡುಗರು ಬಂದಿದ್ದಾರೆ. "ಹೊರಗಿನವರು ಬಂದು ನಮ್ಮ ಹುಡುಗ್ರ ಅನ್ನ ಕಸ್ಗೊಂಡ್ರು" ಅಂತ ಕಟ್ಟೆ ಮೇಲೆ ಗುಡುಗುವವನು ಯಾರು? ಡಲ್ಲಾಸಿನ ಹುಡುಗನ ಸ್ವಂತ ಕಾಕಾ. ಅದೇ ಮಾತನ್ನು ಟೆಕ್ಸಾಸಿನವನು ಅವನ ಅಣ್ಣನ ಮಗನಿಗೆ ಅಂದರೆ ಅದು ಜನಾಂಗದ್ವೇಷ. ಇಲ್ಲಿ ಅಂದರೆ ಮಣ್ಣಿನ ಅಭಿಮಾನ.

ಅಭಿಮಾನದ ಮಾತು ಬಂತು. ಆಗಸ್ಟ್ 15ಕ್ಕೆ ಮೊದಲ ದೇಶಭಕ್ತಿ ಸಂದೇಶ ಡಲ್ಲಾಸಿನಿಂದಲೇ ಬರುತ್ತದೆ. 2022ರಲ್ಲಿ 2,25,620 ಭಾರತೀಯರು ಪೌರತ್ವ ಬಿಟ್ಟುಕೊಟ್ಟರು ಅನ್ನುವುದು ಸಂಸತ್ತಿಗೆ ಸರ್ಕಾರವೇ ಕೊಟ್ಟ ಲೆಕ್ಕ. ಪಾಸ್‌ಪೋರ್ಟ್ ಒಪ್ಪಿಸುವವರು ಕಣ್ಣೀರು ಹಾಕುತ್ತಾರಂತೆ. ಹಾಕಲಿ. ಆ ದೇಶದಲ್ಲಿ ನೀರಿಗೆ ಬರವಿಲ್ಲ.

ಕೂಸು ಹುಟ್ಟಿದಾಗ ಲೆಕ್ಕ ಇನ್ನಷ್ಟು ಸ್ಪಷ್ಟವಾಗುತ್ತದೆ. ಡಲ್ಲಾಸಿನ ಬಾಣಂತನಕ್ಕೆ ಅವ್ವ ಅಂಟಿನುಂಡೆ, ಶೇಂಗಾ ಚಟ್ನಿ ಕಟ್ಟಿಕೊಂಡು ವಿಮಾನ ಹತ್ತುತ್ತಾಳೆ. ಆರು ತಿಂಗಳು ಇವಳು, ಆಮೇಲೆ ಆರು ತಿಂಗಳು ಬೀಗತಿ. ಸಂಬಳವಿಲ್ಲದ ಆಳು, ಟಿಕೆಟ್ ಖರ್ಚು ಅಷ್ಟೇ. ಗುಳೆಯ ಜೋಡಿ ಕೂಸನ್ನು ಅಜ್ಜಿಯ ಹತ್ತಿರವೇ ಬಿಟ್ಟು ಹೋಗುತ್ತದೆ. ಇವರನ್ನು ಮಾತ್ರ ನಾವು ಬೇಜವಾಬ್ದಾರಿ ತಂದೆತಾಯಿ ಅನ್ನುತ್ತೇವೆ.

ಕೊನೆಗೆ ಚುನಾವಣೆ. 2010ರ ತಿದ್ದುಪಡಿಯಿಂದ ವಿದೇಶದಲ್ಲಿರುವ ಭಾರತೀಯ ಪ್ರಜೆಗೂ ಹುಟ್ಟೂರಿನ ಮತದಾರರ ಪಟ್ಟಿಯಲ್ಲಿ ಹೆಸರು ಇಡಬಹುದು. ಮತಗಟ್ಟೆಗೆ ಬಂದು ಒತ್ತಬೇಕು ಅಷ್ಟೇ. ಡಲ್ಲಾಸಿನಿಂದ ಯಾರೂ ಬರುವುದಿಲ್ಲ, ಯಾರಿಗೆ ಹಾಕಬೇಕು ಅಂತ ವಾಟ್ಸಾಪಿನಲ್ಲಿ ಉಪದೇಶ ಬರುತ್ತದೆ. ಬೆಂಗಳೂರಿನ ಶೆಡ್ಡಿನವರನ್ನು ಮಾತ್ರ ಹುಡುಕಿ, ಎಣಿಸಿ, ಬಸ್ಸು ಮಾಡಿ ಕರೆತರುತ್ತಾರೆ. ಬರುವ ಬಾಡಿಗೆ ಪಾರ್ಟಿಯವರದು. ಹೋಗುವ ಟಿಕೆಟ್ಟು ಶೆಡ್ಡಿನವರದೇ.